ಅಶ್ವರಕ್ಷಣೆಯೂ ದಯಾಧರ್ಮವೂ

ದಯೆಯೆಂಬ ಶಬ್ದವನ್ನು ಕೇಳದವರು ಲೋಕದಲ್ಲಿ ವಿರಳ. ಅದನ್ನು ಕೊಂಡಾಡದ ಮತವಿಲ್ಲ. ಶರಣರಂತೂ ಅದರ ಎಲ್ಲೆಯನ್ನು ಮನುಷ್ಯಕುಲದಲ್ಲಿ ನಿಲ್ಲಿಸದೆ ಸಕಲ ಪ್ರಾಣಿಗಳವರೆಗೂ ವಿಸ್ತರಿಸಿದರು. ಆದರೆ ದಯೆಯ ಸ್ವರೂಪವೇನೆಂಬುದು ವಿಚಾರಾರ್ಹವಾದ ವಿಷಯವು. ಅದು ಮನಸ್ಸಿನಲ್ಲಿ ಏಳುವ ಮರುಕ ಮಾತ್ರವೋ, ಕೈಯಿಂದ ನಡೆಯಬೇಕಾದ ಕ್ರಿಯೆಯೋ, ಅಥವಾ ಇವೆರಡಕ್ಕೂ ಮೊದಲೇ ಇರಬೇಕಾದ ಅರಿವೋ? ಮರುಕವುಳ್ಳವನಾದರೂ ಅರಿವಿಲ್ಲದವನು ತನ್ನ ಆಶ್ರಯದಲ್ಲಿರುವ ಜೀವಕ್ಕೆ ಕೇಡನ್ನುಂಟುಮಾಡಿದರೆ, ಅವನು ದಯಾವಂತನೆನಿಸುವನೆ? ಮನುಷ್ಯರ ನಡುವಣ ವ್ಯವಹಾರದಲ್ಲಿ ಈ ಪ್ರಶ್ನೆಯು ಅಷ್ಟಾಗಿ ತಲೆದೋರುವುದಿಲ್ಲ. ಹಸಿದವನು ಹಸಿವೆಂದು ಹೇಳಬಲ್ಲನು. ನೊಂದವನು ನೋವಿನ ಠಾವನ್ನು ತೋರಿಸಬಲ್ಲನು. ಮೂಕಪ್ರಾಣಿಯ ಮುಂದೆ ನಿಂತಾಗಲೇ ದಯೆಯ ನಿಜವಾದ ಪರೀಕ್ಷೆಯಾಗುವುದು. ಈ ಪರೀಕ್ಷೆಗೆ ಕುದುರೆಯಂಥ ಉದಾಹರಣೆಯು ಮತ್ತೊಂದಿಲ್ಲ.

ಕುದುರೆಯು ಬಯಲಿನಲ್ಲಿ ಕ್ರೂರಮೃಗಗಳಿಗೆ ಅಂಜಿ ಓಡಿ ಬದುಕಿದ ಕುಲದಲ್ಲಿ ಹುಟ್ಟಿದ ಪ್ರಾಣಿಯು. ಕುಂಟುವ ಕುದುರೆಯೇ ಹುಲಿ ತೋಳಗಳಿಗೆ ಮೊದಲ ತುತ್ತಾಗುತ್ತಿದ್ದುದರಿಂದ, ನೋವನ್ನು ಮರೆಮಾಚುವುದು ಅದಕ್ಕೆ ಸ್ವಭಾವವಾಗಿ ಬಂದಿದೆ. ಅದು ನಾಯಿಯಂತೆ ಕುಂಯ್ಗುಡುವುದಿಲ್ಲ. ಹೆಗಲು ಹುಣ್ಣಾಗಿದ್ದರೂ ಚಾವಟಿಯ ಸಪ್ಪಳಕ್ಕೆ ಮುಂದಕ್ಕೆ ಹೆಜ್ಜೆಯಿಡುತ್ತದೆ. ಅದು ನಡೆಯುತ್ತಿದೆಯಾದುದರಿಂದ ಸುಖವಾಗಿಯೇ ಇದೆಯೆಂದು ಒಡೆಯನು ತಿಳಿಯುತ್ತಾನೆ. ಆದರೆ ಅದರ ನೋವಿಗೆ ಭಾಷೆಯೇ ಇಲ್ಲವೆಂದಲ್ಲ. 2014ರಲ್ಲಿ ಐರೋಪ್ಯ ಸಂಶೋಧಕರು ಕುದುರೆಯ ಮುಖದಲ್ಲಿ ನೋವನ್ನು ಸೂಚಿಸುವ ಆರು ಗುರುತುಗಳನ್ನು ಕ್ರಮವಾಗಿ ವಿವರಿಸಿದರು: ಬಿಗಿದು ಹಿಂದಕ್ಕೆ ವಾಲಿದ ಕಿವಿಗಳು, ಕಿರಿದಾದ ಕಣ್ಣು, ಕಣ್ಣಿನ ಮೇಲಣ ಭಾಗದ ಬಿಗಿತ, ಉಬ್ಬಿ ನಿಂತ ದವಡೆಯ ಸ್ನಾಯು, ಬಿಗಿದ ಬಾಯಿ, ಸೆಳೆದಂತಿರುವ ಮೂಗಿನ ಹೊಳ್ಳೆ. ಈ ಲಿಪಿಯು ಆ ಮುಖದ ಮೇಲೆ ಸಹಸ್ರಾರು ವರ್ಷಗಳಿಂದ ಬರೆದೇ ಇದ್ದಿತು. ಓದಲು ಕಲಿಯುವ ಹೊಣೆಯು ಮನುಷ್ಯನದಾಗಿದ್ದಿತು.

ಈ ಹೊಣೆಯನ್ನು ನಮ್ಮ ಪೂರ್ವಿಕರು ಅರಿಯದವರಾಗಿರಲಿಲ್ಲ. ಶಾಲಿಹೋತ್ರನ ಹೆಸರಿನಲ್ಲಿ ಅಶ್ವಶಾಸ್ತ್ರವೇ ಬೆಳೆದು ಬಂದಿತು. ಪಾಂಡವರಲ್ಲಿ ನಕುಲನು ಅಜ್ಞಾತವಾಸದ ಕಾಲದಲ್ಲಿ ಗ್ರಂಥಿಕನೆಂಬ ಹೆಸರಿನಿಂದ ವಿರಾಟನ ಕುದುರೆಗಳ ಪಾಲಕನಾಗಿ ನಿಂತನು. ರಾಜಪುತ್ರನಿಗೆ ಅದು ಹೀನವೆಂದು ತೋರಲಿಲ್ಲ. ಕನ್ನಡದಲ್ಲಿಯೂ ಸುಮಾರು 1400ರಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ರಚಿಸಿದನು. ಅವನಿಗಿಂತ ಬಹುಕಾಲ ಮೊದಲೇ ಚಾಲುಕ್ಯವಂಶದ ಕೀರ್ತಿವರ್ಮನು ಗೋವೈದ್ಯವನ್ನು ಬರೆದಿದ್ದನು. ಶರಣರಲ್ಲಿ ತುರುಗಾಹಿ ರಾಮಣ್ಣನು ದನ ಕಾಯುವುದನ್ನೇ ಕಾಯಕವಾಗಿ ಕೈಕೊಂಡವನು. ಪಶುಪಾಲನೆಯು ಕಲಿತು ಮಾಡಬೇಕಾದ ಕಾರ್ಯವೆಂಬ ತಿಳಿವು ಈ ನಾಡಿಗೆ ಹೊಸದಲ್ಲ.

ಮಹಾಭಾರತದ ದ್ರೋಣಪರ್ವದಲ್ಲಿ ಈ ವಿಷಯಕ್ಕೆ ಬಹಳ ಉಚಿತವಾದ ಪ್ರಸಂಗವೊಂದಿದೆ. ಸೂರ್ಯಾಸ್ತಕ್ಕೆ ಮೊದಲು ಜಯದ್ರಥನನ್ನು ವಧಿಸುವೆನೆಂದು ಅರ್ಜುನನು ಪ್ರತಿಜ್ಞೆ ಮಾಡಿದ್ದಾನೆ. ಹೊತ್ತು ಇಳಿಯುತ್ತಿದೆ, ಶತ್ರುಸೇನೆಯು ಸುತ್ತಲೂ ಕವಿದಿದೆ. ಅಂಥ ಸಮಯದಲ್ಲಿ ಬಾಣಗಳಿಂದ ನೊಂದು ದಣಿದ ಕುದುರೆಗಳನ್ನು ಕಂಡು, ಅವುಗಳನ್ನು ರಥದಿಂದ ಬಿಚ್ಚಬೇಕೆಂದು ನಿಶ್ಚಯವಾಗುತ್ತದೆ. ಅರ್ಜುನನು ನೆಲದ ಮೇಲೆ ನಿಂತು ವೈರಿಗಳನ್ನು ತಡೆಯುತ್ತಾನೆ; ಅಸ್ತ್ರದಿಂದ ಭೂಮಿಯನ್ನು ಭೇದಿಸಿ ಕೊಳವನ್ನು ಉಂಟುಮಾಡುತ್ತಾನೆ. ಶ್ರೀಕೃಷ್ಣನು ಕುದುರೆಗಳನ್ನು ಬಿಚ್ಚಿ, ನಾಟಿದ ಬಾಣಗಳನ್ನು ಕಿತ್ತು, ತನ್ನ ಕೈಗಳಿಂದ ಮೈ ತಿಕ್ಕಿ, ನೀರು ಕುಡಿಸಿ, ಮೇವು ತಿನ್ನಿಸಿ, ಶ್ರಮ ಕಳೆದ ಮೇಲೆ ಮತ್ತೆ ಹೂಡುತ್ತಾನೆ. ಪ್ರಾಣವನ್ನೇ ಪಣವಾಗಿಟ್ಟ ಪ್ರತಿಜ್ಞೆಯ ನಡುವೆಯೂ ಬಿಡುವು ದೊರೆಯಿತು. ಕುದುರೆಗೆ ನೀರು ಕುಡಿಸಲು ಹೊತ್ತಿರಲಿಲ್ಲವೆಂದು ಹೇಳುವ ಯಾವ ಗೃಹಸ್ಥನ ಅವಸರವೂ ಅರ್ಜುನನ ಅವಸರಕ್ಕಿಂತ ಹಿರಿದಾಗಿರಲಾರದು.

ಇದಕ್ಕೆ ವಿರುದ್ಧವಾದ ದೃಷ್ಟಾಂತವನ್ನು ಚರಿತ್ರೆಯು ಒದಗಿಸುತ್ತದೆ. 13ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯ ಪಾಂಡ್ಯನಾಡಿಗೆ ಬಂದ ಮಾರ್ಕೊ ಪೋಲೊ ಎಂಬ ವೆನಿಸ್ ನಗರದ ಪ್ರವಾಸಿಯು ಅಲ್ಲಿಯ ಕುದುರೆಗಳ ಸ್ಥಿತಿಯನ್ನು ವರ್ಣಿಸಿದ್ದಾನೆ. ಅರಸನು ಅಪಾರ ಹೊನ್ನನ್ನು ತೆತ್ತು ವರ್ಷಕ್ಕೆ 2000ಕ್ಕೂ ಹೆಚ್ಚು ಕುದುರೆಗಳನ್ನು ಸಮುದ್ರದಾಚೆಯಿಂದ ತರಿಸುತ್ತಿದ್ದನೆಂದೂ, ವರ್ಷಾಂತ್ಯಕ್ಕೆ ಅವುಗಳಲ್ಲಿ ನೂರಾದರೂ ಉಳಿಯುತ್ತಿರಲಿಲ್ಲವೆಂದೂ ಅವನ ಹೇಳಿಕೆ. ಕಾರಣವನ್ನೂ ಅವನೇ ಹೇಳುತ್ತಾನೆ: ಕುದುರೆಯನ್ನು ಪಾಲಿಸಬಲ್ಲವರು ಅಲ್ಲಿರಲಿಲ್ಲ, ಬೇಯಿಸಿದ ಅನ್ನವನ್ನೂ ಮಾಂಸವನ್ನೂ ಅವಕ್ಕೆ ತಿನ್ನಿಸುತ್ತಿದ್ದರು, ವ್ಯಾಪಾರಿಗಳಾದರೋ ತಮ್ಮ ಮಾರಾಟವು ನಿಲ್ಲದಿರಲೆಂದು ಅಶ್ವವೈದ್ಯರು ಅಲ್ಲಿಗೆ ಹೋಗದಂತೆ ನೋಡಿಕೊಳ್ಳುತ್ತಿದ್ದರು. ಪ್ರವಾಸಿಯ ಲೆಕ್ಕದಲ್ಲಿ ಅತಿಶಯೋಕ್ತಿಯಿರಬಹುದು. ಆದರೂ ಅದರ ಒಳಗಣ ಮಾತು ಗಮನಾರ್ಹವು. ಆ ಕುದುರೆಗಳನ್ನು ಯಾರೂ ದ್ವೇಷಿಸಿರಲಿಲ್ಲ. ಬೆಲೆಯುಳ್ಳ ವಸ್ತುವೆಂದು ಆದರಿಸಿ, ತಮಗೆ ಶ್ರೇಷ್ಠವೆಂದು ತೋರಿದ ಅನ್ನವನ್ನೇ ಉಣಿಸಿದರು. ಅವು ಸತ್ತುದು ಅರಿವಿನ ಅಭಾವದಿಂದ.

ಇಲ್ಲಿ ಒಂದು ಶಂಕೆಯು ಉದ್ಭವಿಸಬಹುದು. ಭಾವವು ಶುದ್ಧವಾಗಿದ್ದರೆ ಸಾಲದೆ? ತಿಳಿಯದೆ ಮಾಡಿದ ತಪ್ಪಿಗೆ ಪಾಪವೆಲ್ಲಿಯದು? ಇದಕ್ಕೆ ಸಮಾಧಾನವು ಇಂತಿದೆ. ತಿಳಿಯಲು ಅವಕಾಶವೇ ಇಲ್ಲದವನ ಮಾತು ಬೇರೆ. ಪ್ರಾಣಿಯನ್ನು ಕೊಂಡು ತಂದು ಗೂಟಕ್ಕೆ ಕಟ್ಟಿದವನು ಅದರ ಸ್ವಾತಂತ್ರ್ಯವನ್ನು ಕಸಿದುಕೊಂಡಿರುತ್ತಾನೆ. ಬಯಲಲ್ಲಿದ್ದರೆ ಅದು ತನ್ನ ಮೇವನ್ನು ತಾನೇ ಆರಿಸಿಕೊಳ್ಳುತ್ತಿದ್ದಿತು, ನೀರನ್ನು ತಾನೇ ಅರಸುತ್ತಿದ್ದಿತು. ಆ ಅಧಿಕಾರವನ್ನು ಒಡೆಯನು ತನ್ನ ವಶಕ್ಕೆ ತೆಗೆದುಕೊಂಡ ಮೇಲೆ, ಅದಕ್ಕೆ ಬೇಕಾದುದೇನೆಂಬುದನ್ನು ತಿಳಿಯುವ ಹೊಣೆಯೂ ಅವನ ಮೇಲೆಯೇ ಬರುತ್ತದೆ. ಔಷಧವನ್ನರಿಯದೆ ಔಷಧ ಕೊಡುವವನ ಸದ್ಭಾವವು ರೋಗಿಯನ್ನು ಬದುಕಿಸಲಾರದು. ಆದುದರಿಂದ ಕುದುರೆಯ ದೇಹಧರ್ಮವನ್ನು ಸ್ವಲ್ಪಮಟ್ಟಿಗಾದರೂ ವಿವರಿಸುವುದು ಅವಶ್ಯವಾಗಿದೆ.

ಮೊದಲನೆಯದು ಆಹಾರ. ಕುದುರೆಯು ಹಸುವಿನಂತೆ ಮೆಲುಕು ಹಾಕುವ ಪ್ರಾಣಿಯಲ್ಲ. ಹಸುವಿನ ಮೊದಲ ಹೊಟ್ಟೆಯು ನೂರು ಲೀಟರಿಗೂ ಮಿಕ್ಕಿ ಹಿಡಿಯುವುದು. ಕುದುರೆಯ ಹೊಟ್ಟೆಯು 8ರಿಂದ 15 ಲೀಟರಿನಷ್ಟು ಮಾತ್ರ. ಅದು ಸ್ವಲ್ಪ ಸ್ವಲ್ಪವಾಗಿ ಹಗಲೂ ರಾತ್ರಿಯೂ ಮೇಯಲೆಂದು ರಚಿತವಾದುದು. ಅಗಿಯುವಾಗಲೇ ಅದರ ಬಾಯಲ್ಲಿ ಜೊಲ್ಲು ಸುರಿಯುತ್ತದೆ. ಆ ಜೊಲ್ಲೇ ಹೊಟ್ಟೆಯ ಹುಳಿಯನ್ನು ಶಮನಗೊಳಿಸುವುದು. ಇದಲ್ಲದೆ ಕುದುರೆಯು ವಾಂತಿ ಮಾಡಲಾರದು. ಒಳಗೆ ಹೋದುದು ಮುಂದಕ್ಕೆ ಸಾಗಬೇಕೇ ಹೊರತು ಹಿಂದಕ್ಕೆ ಬರಲಾರದು. ಹಬ್ಬವೆಂದೋ ಹೆಚ್ಚು ದುಡಿಯಿತೆಂದೋ ಮಮತೆಯಿಂದ ಬಕೆಟ್ಟು ತುಂಬ ಬೇಯಿಸಿದ ಹುರುಳಿಯನ್ನು ಮುಂದಿಡುವ ಒಡೆಯನು ಅದಕ್ಕೆ ಉದರಶೂಲೆಯನ್ನು ಬಡಿಸಿದಂತೆಯೇ ಸರಿ. ಕಾಳು ಮಿತಿಮೀರಿದರೆ ಗೊರಸಿನ ಒಳಪದರವು ಉರಿಗೊಂಡು ಜನ್ಮವಿಡೀ ಕುಂಟಾಗುವುದೂ ಉಂಟು. 300 ಕಿಲೊಗ್ರಾಂ ತೂಕದ ಕುದುರೆಗೆ ದಿನಕ್ಕೆ 5ರಿಂದ 6 ಕಿಲೊಗ್ರಾಂ ಒಣಮೇವು ಮೂಲಾಹಾರವಾಗಿರಬೇಕು. ಹುರುಳಿ, ಬೂಸಾಗಳು ಕೆಲಸದ ಪ್ರಮಾಣವನ್ನು ನೋಡಿ ಹಲವು ಸಲ ಹಂಚಿ ಕೊಡತಕ್ಕವು. ಮೇವನ್ನು ಬದಲಿಸಬೇಕಾದರೆ ಒಂದೆರಡು ವಾರಗಳಲ್ಲಿ ಮೆಲ್ಲಮೆಲ್ಲನೆ ಬದಲಿಸಬೇಕು.

ಎರಡನೆಯದು ನೀರು. ಸಾಮಾನ್ಯವಾಗಿ ದಿನಕ್ಕೆ 25ರಿಂದ 40 ಲೀಟರು ಬೇಕು. ಬೇಸಗೆಯಲ್ಲಿ ದುಡಿಯುವ ಕುದುರೆಗೆ ಇನ್ನೂ ಹೆಚ್ಚು. ಬೆವತ ಕುದುರೆಗೆ ನೀರು ಕುಡಿಸಬಾರದೆಂಬ ನಂಬಿಕೆಯು ಬಹಳ ಕಡೆ ರೂಢಿಯಲ್ಲಿದೆ. ಈ ಭಯಕ್ಕೆ ಆಧಾರವಿಲ್ಲವೆಂದು ಇಂದಿನ ಪಶುವೈದ್ಯರು ಹೇಳುತ್ತಾರೆ. ದುಡಿದು ಬಂದ ಪ್ರಾಣಿಗೆ ತಡೆದು ತಡೆದು ನೀರು ಕುಡಿಸಬಹುದು, ಮೈಮೇಲೆ ನೀರು ಸುರಿದು ತಂಪುಮಾಡಬಹುದು. ಕಾಳನ್ನು ಮಾತ್ರ ಅದು ಸುಧಾರಿಸಿಕೊಂಡ ಮೇಲೆ ಕೊಡಬೇಕು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ನೆಕ್ಕಲು ಉಪ್ಪಿನ ಹರಳನ್ನು ಇಟ್ಟಿರುವುದು ಲೇಸು.

ಮೂರನೆಯದು ಗೊರಸು. ಕುದುರೆಯ ಸಮಸ್ತ ಸೇವೆಯೂ ನಾಲ್ಕು ಗೊರಸುಗಳ ಮೇಲೆ ನಿಂತಿದೆ. ಪ್ರತಿದಿನ ದುಡಿಮೆಗೆ ಮೊದಲೂ ಅನಂತರವೂ ಕಾಲನ್ನೆತ್ತಿ ಅಡಿಯಲ್ಲಿ ಸಿಕ್ಕಿದ ಕಲ್ಲು ಸಗಣಿಗಳನ್ನು ತೆಗೆಯಬೇಕು. ಅಡಿಯ ನಡುವೆ ತ್ರಿಕೋಣಾಕಾರವಾದ ಮೆತ್ತನೆಯ ಭಾಗವೊಂದುಂಟು. ಅಲ್ಲಿ ಕಪ್ಪು ರಸವೂ ದುರ್ಗಂಧವೂ ಕಂಡುಬಂದರೆ ಕೊಳೆತ ಆರಂಭವಾಯಿತೆಂದು ತಿಳಿಯಬೇಕು. ಲಾಯದ ನೆಲವು ಒದ್ದೆಯಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಗೊರಸು ಉಗುರಿನಂತೆ ಬೆಳೆಯುತ್ತಲೇ ಇರುವುದರಿಂದ 6ರಿಂದ 8 ವಾರಗಳಿಗೊಮ್ಮೆ ಕುಶಲನಾದ ನಾಲಬಂದನಿಂದ ಅದನ್ನು ಕತ್ತರಿಸಿ ಲಾಳವನ್ನು ಹೊಸದಾಗಿ ಕಟ್ಟಿಸಬೇಕು. ಲಾಳವು ಇನ್ನೂ ಸವೆದಿಲ್ಲವೆಂದು ತಿಂಗಳುಗಟ್ಟಲೆ ಬಿಡುವುದು ಉಳಿತಾಯವಲ್ಲ. ಸವೆಯದ ಲಾಳದ ಕೆಳಗೆ ಕಾಲು ಕೆಡುತ್ತಿರುತ್ತದೆ.

ಹಲ್ಲುಗಳ ವಿಷಯವು ಬಹುಮಂದಿಗೆ ತಿಳಿಯದು. ಅವು ಜೀವಮಾನದ ಬಹುಭಾಗ ಮೇಲಕ್ಕೆ ಏಳುತ್ತಲೂ ಸವೆಯುತ್ತಲೂ ಇರುತ್ತವೆ. ಮೇಲ್ದವಡೆಯು ಕೆಳದವಡೆಗಿಂತ ಅಗಲವಾಗಿರುವುದರಿಂದ ಅಂಚುಗಳು ಚೂಪಾಗಿ ಕೆನ್ನೆಯನ್ನೂ ನಾಲಿಗೆಯನ್ನೂ ಕೊರೆಯುತ್ತವೆ. ಮೇವನ್ನು ಅಗಿದು ಉಂಡೆಯಾಗಿ ಉಗುಳುವ, ಕಡಿವಾಣಕ್ಕೆ ತಲೆಕೊಡಹುವ ಕುದುರೆಯನ್ನು ಮೊಂಡುಕುದುರೆಯೆಂದು ಹೊಡೆಯುವುದುಂಟು. ವರ್ಷಕ್ಕೊಮ್ಮೆ ಪಶುವೈದ್ಯನು ಹಲ್ಲನ್ನು ನೋಡಿ ಅರದಿಂದ ಉಜ್ಜಿದರೆ ಆ ಮೊಂಡುತನವು ಎಷ್ಟೋ ವೇಳೆ ತಾನಾಗಿಯೇ ಮಾಯವಾಗುತ್ತದೆ.

ಕುದುರೆಯು ನಿಂತೇ ನಿದ್ರಿಸುವುದೆಂಬುದು ಅರ್ಧಸತ್ಯವು. ಅದು ನಿಂತು ತೂಕಡಿಸಬಲ್ಲದು. ಗಾಢನಿದ್ರೆಗೆ ದಿನದಲ್ಲಿ ಸ್ವಲ್ಪ ಹೊತ್ತಾದರೂ ಮಲಗಲೇಬೇಕು. ಗಿಡ್ಡ ಹಗ್ಗದಿಂದ ಗೂಟಕ್ಕೆ ಬಿಗಿದು, ಕೆಸರಿನಲ್ಲಿ ನಿಲ್ಲಿಸಿದ ಕುದುರೆಗೆ ಈ ಅಲ್ಪಸುಖವೂ ಇಲ್ಲ. ಒಣನೆಲ, ಮಲಗುವಷ್ಟು ಜಾಗ, ಹಗ್ಗದಲ್ಲಿ ಒಂದೆರಡು ಮೊಳದ ಸಡಿಲ, ಇವು ಯಾವ ಶ್ರೀಮಂತಿಕೆಯನ್ನೂ ಬೇಡುವುದಿಲ್ಲ.

ಇನ್ನು ರೋಗದ ಮಾತು. ಆರೋಗ್ಯವಂತ ಕುದುರೆಯ ನಾಡಿಯು ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 30ರಿಂದ 40 ಸಲ ಬಡಿಯುವುದು. ದವಡೆಯ ಕೆಳಅಂಚಿನಲ್ಲಿ ಬೆರಳಿಟ್ಟು ಎಣಿಸಬಹುದು. ಉಸಿರು 8ರಿಂದ 16. ಮೈಕಾವು ಸುಮಾರು 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡುಗಳೊಳಗೆ ಅದು ಮತ್ತೆ ಕೆಂಪೇರಬೇಕು. ಆರೋಗ್ಯದ ದಿನಗಳಲ್ಲಿ ಇವನ್ನು ನೋಡಿ ರೂಢಿಯಿದ್ದವನಿಗೇ ಅನಾರೋಗ್ಯವು ಬೇಗನೆ ಗೋಚರಿಸುವುದು. ಮೇವು ಬಿಟ್ಟು, ತಿರುತಿರುಗಿ ಪಕ್ಕೆಯನ್ನು ನೋಡಿಕೊಳ್ಳುತ್ತ, ಮುಂಗಾಲಿನಿಂದ ನೆಲ ಕೆರೆಯುತ್ತ, ಬೆವತು ಹೊರಳಾಡುವ ಕುದುರೆಗೆ ಉದರಶೂಲೆಯಾಗಿದೆಯೆಂದು ತಿಳಿದು ಮೇವನ್ನೆಲ್ಲ ತೆಗೆದು ತಡಮಾಡದೆ ಪಶುವೈದ್ಯನನ್ನು ಕರೆಸಬೇಕು. ಗಾಬರಿಯಿಂದ ತಲೆಯನ್ನೆತ್ತಿಸಿ ಎಣ್ಣೆಯನ್ನೋ ಕಷಾಯವನ್ನೋ ಗಂಟಲಿಗೆ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಎರವಾಗಬಹುದು. ಧನುರ್ವಾಯುವು ಕುದುರೆಗೆ ಅತ್ಯಂತ ಘೋರವಾದುದು. ಗೊರಸಿಗೆ ಚುಚ್ಚಿದ ಒಂದು ಮೊಳೆಯೇ ಸಾಕು. ಅದನ್ನೂ ಹುಚ್ಚುನಾಯಿಯ ರೋಗವನ್ನೂ ಲಸಿಕೆಯಿಂದ ತಡೆಯಬಹುದು. ಕುಂಟುವ ಕಾಲಿಗೆ ಬರೆಯೆಳೆಯುವ ಪದ್ಧತಿಯಾದರೋ ನೋವಿನ ಮೇಲೆ ನೋವನ್ನಿಡುವುದೇ ಸರಿ. ಹಳೆಯದೆಂಬ ಮಾತ್ರಕ್ಕೆ ಅದು ಗ್ರಾಹ್ಯವಾಗದು. ಬರೆಯೆಳೆದ ಮೇಲೆ ಕುಂಟು ಕಡಿಮೆಯಾಯಿತೆಂದರೆ, ಹುಣ್ಣು ಮಾಯುವವರೆಗೆ ದೊರೆತ ವಿಶ್ರಾಂತಿಯೇ ಅದಕ್ಕೆ ಕಾರಣವಾಗಿರುವುದು. ಆ ವಿಶ್ರಾಂತಿಯನ್ನು ಬೆಂಕಿಯಿಲ್ಲದೆಯೇ ಕೊಡಬಹುದಾಗಿತ್ತು.

ಇಷ್ಟನ್ನು ಕೇಳಿದ ಮೇಲೆ ಎರಡನೆಯ ಶಂಕೆಯು ಬರುತ್ತದೆ, ಮತ್ತು ಇದು ಮೊದಲನೆಯದಕ್ಕಿಂತ ಕಠಿಣವಾದುದು. ದಿನದ ದುಡಿಮೆಯಿಂದ ದಿನದ ಅನ್ನವನ್ನು ಸಂಪಾದಿಸುವ ಜಟಕಾದವನು ಏನು ಮಾಡಬೇಕು? ಕುದುರೆಯು ಒಂದು ದಿನ ನಿಂತರೆ ಮನೆಯ ಒಲೆಯೂ ನಿಲ್ಲುವುದು. ಹೆಂಡತಿ ಮಕ್ಕಳ ಹಸಿವೋ ಕುದುರೆಯ ಹೆಗಲಿನ ಹುಣ್ಣೋ, ಯಾವುದು ಹಿರಿದು? ಈ ಪ್ರಶ್ನೆಯನ್ನು ಹೊಟ್ಟೆತುಂಬಿದವರು ಲಘುವಾಗಿ ತೀರ್ಮಾನಿಸಲಾಗದು. ಆದರೂ ಎರಡು ಮಾತುಗಳನ್ನು ಹೇಳಬಹುದು. ಮೊದಲನೆಯದಾಗಿ, ಮೇಲೆ ಹೇಳಿದ ಪಾಲನೆಯಲ್ಲಿ ಬಹುಭಾಗಕ್ಕೆ ಹಣ ಬೇಕಿಲ್ಲ. ಗೊರಸು ಕೆರೆಯುವುದು, ನೀರು ತೋರಿಸುವುದು, ನೆರಳಿಗೆ ಕಟ್ಟುವುದು, ಜೀನಿನ ಕೆಳಗೂ ಹೆಗಲಿನ ಪಟ್ಟಿಯ ಕೆಳಗೂ ಕೈಯಾಡಿಸಿ ನೋಡುವುದು, ಸಂಜೆ ಮಾಲೀಸು ಮಾಡುವುದು, ಇವಕ್ಕೆಲ್ಲ ಕೈಯೂ ಕಣ್ಣೂ ಸಾಕು. ಹುಣ್ಣನ್ನು ಮೊದಲ ದಿನವೇ ಕಂಡವನು ಎರಡು ದಿನ ನಿಲ್ಲಿಸಿದರೆ ತೀರುತ್ತದೆ. ಕಾಣದವನು ತಿಂಗಳುಗಟ್ಟಲೆ ನಿಲ್ಲಿಸಬೇಕಾಗುತ್ತದೆ. ಎರಡನೆಯದಾಗಿ, ಆ ಹೊರೆಯು ಜಟಕಾದವನೊಬ್ಬನದೇ ಅಲ್ಲ. ನಾಲ್ವರು ಕೂಡತಕ್ಕ ಗಾಡಿಯಲ್ಲಿ ಏಳು ಮಂದಿ ಏರಿ, ಬೇಗ ಹೊಡೆಯೆಂದು ಅವಸರಪಡಿಸಿ, ಬಾಡಿಗೆಯಲ್ಲಿ ನಾಲ್ಕು ಕಾಸು ಚೌಕಾಶಿ ಮಾಡಿದವರೂ ಆ ಚಾವಟಿಯಲ್ಲಿ ಪಾಲುಗಾರರು. ಮದುವೆಯ ಮೆರವಣಿಗೆಗೆ ಕುದುರೆಯನ್ನು ಬಾಡಿಗೆಗೆ ತರಿಸಿ, ಪಟಾಕಿಯ ಸದ್ದಿನ ನಡುವೆ ಗಂಟೆಗಟ್ಟಲೆ ಕುಣಿಸಿ, ಬಂದ ನೆಂಟರಿಗೆಲ್ಲ ಪಾನಕ ಕೊಟ್ಟು, ಅದಕ್ಕೊಂದು ಬಕೆಟ್ಟು ನೀರು ಕೊಡದ ಮನೆಗಳೂ ಇವೆ. ದಾಸೋಹವೆಂಬ ಮಾತು ಆ ಅಂಗಳದಲ್ಲಿ ಎಷ್ಟು ದೂರ ಸಲ್ಲುವುದೆಂಬುದನ್ನು ಮನೆಯ ಯಜಮಾನನೇ ವಿಚಾರಿಸಿಕೊಳ್ಳಬೇಕು.

ಈ ಹೊಣೆಯನ್ನು ನಾಡಿನ ಶಾಸನವೂ ಅಂಗೀಕರಿಸಿದೆ. ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ನಡೆಸಿದ ಪ್ರಯತ್ನದ ಹಿನ್ನೆಲೆಯಲ್ಲಿ 1960ರಲ್ಲಿ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯು ರಚಿತವಾಯಿತು. 1965ರ ನಿಯಮಗಳ ಪ್ರಕಾರ ಗಾಡಿಯೆಳೆಯುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚಾಗಿಯೂ, ವಿಶ್ರಾಂತಿಯಿಲ್ಲದೆ 5 ಗಂಟೆಗಿಂತ ಹೆಚ್ಚಾಗಿಯೂ ದುಡಿಸಕೂಡದು. ಉಷ್ಣತೆಯು 37 ಡಿಗ್ರಿ ಸೆಲ್ಸಿಯಸ್ ಮೀರಿದ ಕಡೆ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಹೂಡಲೇಕೂಡದು. ಆದರೆ ಶಾಸನವು ಬೀದಿಯನ್ನು ಕಾಣಬಲ್ಲುದೇ ಹೊರತು ಲಾಯವನ್ನು ಕಾಣಲಾರದು. ಅಲ್ಲಿ ಒಡೆಯನ ಅಂತಃಸಾಕ್ಷಿಯೊಂದೇ ಅಧಿಕಾರಿ.

ಕೊನೆಗೆ ಬರುವ ಪ್ರಶ್ನೆಯು ಎಲ್ಲಕ್ಕಿಂತ ದುಃಖಕರವಾದುದು. ಮುಪ್ಪಾಗಿ, ಕಾಲು ಮುರಿದು ದುಡಿಯಲಾರದ ಕುದುರೆಯ ಗತಿಯೇನು? ಬಹುಮಂದಿ ಅದನ್ನು ಬೀದಿಗೆ ಬಿಟ್ಟು, ತಾವು ಕೊಲ್ಲಲಿಲ್ಲವೆಂದು ಸಮಾಧಾನ ಹೊಂದುತ್ತಾರೆ. ತಿಪ್ಪೆಯಲ್ಲಿ ಕಾಗದವನ್ನೂ ಪ್ಲಾಸ್ಟಿಕ್ಕನ್ನೂ ತಿಂದು, ವಾಹನಗಳ ನಡುವೆ ತಡವರಿಸಿ, ಹಲವು ದಿನ ಹಸಿದು ಅದು ಸಾಯುತ್ತದೆ. ಹೀಗೆ ತೊರೆಯುವುದು ಶಾಸನದಲ್ಲಿಯೂ ಅಪರಾಧವು. ಅದು ಹಿಂಸೆಯನ್ನು ಬಿಟ್ಟುದಲ್ಲ. ಹಿಂಸೆಯನ್ನು ಕಣ್ಣಿನಿಂದ ಮರೆಮಾಡಿದುದು. ಹದಿನೈದು ವರ್ಷ ತನ್ನ ಮನೆಯ ಅನ್ನವನ್ನು ದುಡಿದು ತಂದ ಜೀವಕ್ಕೆ ಮುಪ್ಪಿನಲ್ಲಿ ಒಂದು ಹಿಡಿ ಹುಲ್ಲು ಭಿಕ್ಷೆಯಲ್ಲ, ಸಲ್ಲಬೇಕಾದ ಬಾಕಿ. ಕಾಯಕವನ್ನು ಗೌರವಿಸುವವನು ಕಾಯಕ ಮಾಡಿ ದಣಿದ ಮೈಯನ್ನೂ ಗೌರವಿಸಬೇಕಲ್ಲವೆ?

ಆದರೆ ಗುಣವಾಗದ ರೋಗವೂ ಶಮನವಾಗದ ಯಾತನೆಯೂ ಇದ್ದಾಗ, ಪಶುವೈದ್ಯನು ನೋವಿಲ್ಲದ ಮರಣವನ್ನು ಸೂಚಿಸಿದರೆ ಏನು ಮಾಡತಕ್ಕದ್ದು? ಗ್ಲ್ಯಾಂಡರ್ಸ್ ಎಂಬ ಅಂಟುರೋಗವು ಖಚಿತವಾದರೆ, ಅದು ಇತರ ಕುದುರೆಗಳಿಗೂ ಮನುಷ್ಯರಿಗೂ ಹರಡುವುದರಿಂದ, 2009ರ ಕಾಯಿದೆಯ ಪ್ರಕಾರ ಆ ಪ್ರಾಣಿಯನ್ನು ಉಳಿಸಲಾಗದು. ಇಲ್ಲಿ ಧರ್ಮಸೂಕ್ಷ್ಮವಿದೆ. ಪ್ರಾಣವನ್ನು ತೆಗೆಯುವ ಕಾರ್ಯಕ್ಕೆ ಯಾವ ಸಜ್ಜನನ ಮನಸ್ಸೂ ಸುಲಭವಾಗಿ ಒಪ್ಪದು. ಒಪ್ಪದಿರುವುದೇ ಅವನ ಸಜ್ಜನಿಕೆ. ಆದರೂ ತನ್ನ ಕೈ ಶುದ್ಧವಾಗಿರಲೆಂದು ಮತ್ತೊಂದು ಜೀವವನ್ನು ದಿನದಿನವೂ ಯಾತನೆಯಲ್ಲಿ ನರಳಿಸುವವನು ತನ್ನ ಶುದ್ಧಿಯನ್ನು ಆ ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸಿದಂತಾಗುವುದಿಲ್ಲವೆ? ದುಡಿಯಲಾರದೆಂಬ ಕಾರಣಕ್ಕೆ ಮರಣವನ್ನು ಬಯಸುವುದು ಲೋಭವು. ನೋವು ತೀರದೆಂಬ ಕಾರಣಕ್ಕೆ, ಬಲ್ಲವರನ್ನು ಕೇಳಿ, ಭಾರವಾದ ಹೃದಯದಿಂದ ಅದಕ್ಕೆ ಒಡಂಬಡುವುದು ಬೇರೆಯೇ ಆದುದು. ಹೊರಗಿನಿಂದ ಎರಡೂ ಒಂದೇ ಕ್ರಿಯೆಯಾಗಿ ಕಾಣುವುವು. ಅವುಗಳ ಭೇದವನ್ನು ಒಡೆಯನು ತನ್ನೊಳಗೇ ಅಳೆಯಬೇಕು. ಅಂಥ ಸಮಯದಲ್ಲಿ ಅದರ ಬಳಿಯಲ್ಲಿ ನಿಂತು ಕೊರಳ ಮೇಲೆ ಕೈಯಿಡುವುದೂ ಅವನ ಕರ್ತವ್ಯವೇ. ಪರರಿಗೆ ಒಪ್ಪಿಸಿ ಮುಖ ತಿರುಗಿಸುವುದು ತರವಲ್ಲ.

ಹೀಗೆ ವಿಚಾರಿಸಿ ನೋಡಿದರೆ, ಮರುಕವು ದಯೆಯ ಬೀಜವೆಂದೂ, ಅರಿವು ಅದರ ನೀರೆಂದೂ, ನಿತ್ಯದ ಕೈಗೆಲಸವು ಅದರ ಫಲವೆಂದೂ ತಿಳಿದುಬರುತ್ತದೆ. ಬೀಜವನ್ನು ಕಣಜದಲ್ಲಿಟ್ಟುಕೊಂಡು ತಾನು ಬೆಳೆದೆನೆಂದು ಹೇಳುವ ಒಕ್ಕಲಿಗನಿಲ್ಲ. ಕುದುರೆಯಿರಲಿ, ಎತ್ತಿರಲಿ, ಮನೆಯ ಆಕಳಿರಲಿ, ಗೂಟಕ್ಕೆ ಕಟ್ಟಿದ ಜೀವವು ಒಡೆಯನನ್ನು ಬಿಟ್ಟು ಅನ್ಯರನ್ನು ಕೇಳಲಾರದು. ಗೃಹಸ್ಥರಾದವರು ದಿನಕ್ಕೊಮ್ಮೆ ಅದರ ಕಣ್ಣು, ಕಾಲು, ಬಾಯಿ, ಮೈಗಳನ್ನು ಸಾವಧಾನವಾಗಿ ನೋಡಬೇಕು, ನೋಡಿದುದನ್ನು ಅರ್ಥಮಾಡಿಕೊಳ್ಳಲು ಬಲ್ಲವರನ್ನು ಕೇಳಿ ಕಲಿಯಬೇಕು. ತಾವು ಉಣ್ಣುವ ಮೊದಲು ಅದಕ್ಕೆ ನೀರು ಮೇವುಗಳಾದುವೆಯೆಂದು ವಿಚಾರಿಸಿಕೊಳ್ಳುವ ಮನೆಯಲ್ಲಿ ದಯೆಯು ನೆಲಸಿದೆಯೆಂದು ನಿಸ್ಸಂದೇಹವಾಗಿ ಹೇಳಬಹುದು.